ಮೂಲೆಯಲ್ಲಿ ನಿಂತ ಗಾಳಿ ಟ್ಯಾಂಕು

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಗಂಗಾವತಿ ಕಡೆ ರೈಸ್ ಮಿಲ್ಲುಗಳಲ್ಲಿ ಎಲ್ಲರೂ ಬಾಯ್ಲರಿಗೆ ಹೆದರುತ್ತಾರೆ. ಹೆದರಲೇಬೇಕು. ಅದನ್ನು ನೋಡಲು ಇನ್‌ಸ್ಪೆಕ್ಟರ್ ಬರುತ್ತಾರೆ, ಸರ್ಟಿಫಿಕೇಟ್ ಕೊಡುತ್ತಾರೆ. ಆದರೆ ಬಣ್ಣ ನೋಡಿ ಅಕ್ಕಿ ಆರಿಸುವ ಸಾರ್ಟೆಕ್ಸ್ ಮಷಿನ್ ಹಿಂದೆ, ಗಾಳಿ ಒತ್ತಿ ತುಂಬುವ ಕಂಪ್ರೆಸರ್ ಪಕ್ಕದಲ್ಲಿ ಒಂದು ಗಾಳಿ ಟ್ಯಾಂಕು ನಿಂತಿರುತ್ತದಲ್ಲ, ಅದನ್ನು ಯಾರೂ ಮಾತಾಡಿಸುವುದಿಲ್ಲ. ಕಪ್ಪಾದ ಕಾಳುಗಳನ್ನು ಊದಿ ಆಚೆ ತಳ್ಳುವ ಗಾಳಿ ಬರುವುದು ಅಲ್ಲಿಂದಲೇ.

ಒತ್ತಡ ಅಳೆಯುವ ಗೇಜಿನ ಮುಳ್ಳು 7 ಕೆ.ಜಿ. ತೋರಿಸುತ್ತದೆ. ಏಳೇ ಕೆ.ಜಿ. ಅಲ್ವಾ ಅನ್ನಿಸಬಹುದು. ಅದು ಒಂದು ಚದರ ಸೆಂಟಿಮೀಟರಿಗೆ, ಉಗುರಿನಷ್ಟು ಜಾಗಕ್ಕೆ. ಅಂಗೈ ಅಗಲದ ತಗಡಿಗೆ ಲೆಕ್ಕ ಹಾಕಿ, ಹತ್ತಿರ ಹತ್ತಿರ 7 ಕ್ವಿಂಟಲ್ ಭತ್ತದ ಭಾರ.

ನಾನು ಫಿಟ್ಟರ್ ಆಗಿದ್ದ ಒಂದು ಮಿಲ್ಲಿನಲ್ಲಿ ಆಯುಧ ಪೂಜೆಗೆ ಟ್ಯಾಂಕಿಗೆ ನೀಲಿ ಬಣ್ಣ ಬಳಿದಿದ್ದರು. ವಿಭೂತಿ ಪಟ್ಟೆ, ಕುಂಕುಮ, ಚೆಂಡು ಹೂವಿನ ಹಾರ. ನೋಡೋಕೆ ಚಂದ. ಹಬ್ಬ ಕಳೆದ ಮೇಲೆ ಸೇಫ್ಟಿ ವಾಲ್ವಿನ ಉಂಗುರ ಎಳೆದೆ, ಅಲುಗಲಿಲ್ಲ. ಬಣ್ಣ ಒಳಗಿಳಿದು ಅಂಟಿಕೊಂಡಿತ್ತು. ಒತ್ತಡ ಮಿತಿ ಮೀರಿದರೆ ಗಾಳಿಗೆ ಹೊರಬರಲು ಇದ್ದ ದಾರಿ ಅದೊಂದೇ.

ಕಂಪ್ರೆಸರ್ ನಿಲ್ಲಿಸಿ, ಗಾಳಿಯನ್ನೆಲ್ಲ ಬಿಟ್ಟು, ನೀರು ಹೊರಬಿಡುವ ತಳದ ನಲ್ಲಿ, ಡ್ರೈನ್ ಕಾಕ್ ತೆರೆದೆ. ಮೊದಲು ಏನೂ ಬರಲಿಲ್ಲ. ತಂತಿ ಹಾಕಿ ಕೆದಕಿದ ಮೇಲೆ ಇಟ್ಟಿಗೆ ಪುಡಿ ಕಲಸಿದ ಹಾಗೆ ಕೆಂಪು ನೀರು, ಅರ್ಧ ಬಕೆಟ್! ಗಾಳಿಯ ತೇವ ಟ್ಯಾಂಕಿನಲ್ಲಿ ತಣ್ಣಗಾಗಿ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಮಳೆಗಾಲದಲ್ಲಿ ಜಾಸ್ತಿ. ದಿನಾ ಬಿಡಬೇಕು, ಎರಡು ನಿಮಿಷದ ಕೆಲಸ.

ತುಕ್ಕು ತಗಡನ್ನು ಎಷ್ಟು ತಿಂದಿದೆಯೋ, ನೀರು ತುಂಬಿಸಿ ಒತ್ತಡ ಏರಿಸಿ ಪರೀಕ್ಷೆ ಮಾಡೋಣ ಅಂದೆ. "ಗಾಳಿನೇ ತುಂಬಿ ನೋಡಬಾರದೇನು?" ಅಂದರು ಮಾಲೀಕರು. ಒಳ್ಳೆಯ ಪ್ರಶ್ನೆಯೇ. ಒತ್ತಿದ ಗಾಳಿ ಸ್ಪ್ರಿಂಗ್ ಇದ್ದ ಹಾಗೆ, ತಗಡು ಹರಿದರೆ ಒಮ್ಮೆಲೇ ಹಿಗ್ಗಿ ಚೂರುಗಳನ್ನು ಎಸೆಯುತ್ತದೆ. ನೀರು ಒತ್ತಿದರೂ ಕುಗ್ಗುವುದು ತೀರಾ ಕಡಿಮೆ. ಸ್ವಲ್ಪ ಸೋರಿದರೆ ಸಾಕು, ಒತ್ತಡ ಇಳಿದುಬಿಡುತ್ತದೆ. ಕೆಲಸದ ಒತ್ತಡದ ಒಂದೂವರೆ ಪಟ್ಟಿಗೆ ಏರಿಸಿ ನೋಡುವುದು ರೂಢಿ. ಅಲ್ಲಿಗೆ ಮುಟ್ಟುವ ಮೊದಲೇ ತಳದ ಬೆಸುಗೆಯ ಪಕ್ಕ ಒಂದು ಹನಿ ಬೆವರಿತು.

"ಒಂದು ತೇಪೆ ಹಾಕಿಬಿಡು ಮತ್ತೆ."

"ತೇಪೆ ಹಾಕಿದ್ರೆ ಪಕ್ಕದ ತಗಡು ದಪ್ಪ ಆಗ್ತದೇನ್ರೀ ಸಾವ್ಕಾರ್ರೆ?"

ಆಗ ಜಾರಿಯಲ್ಲಿದ್ದ 1948ರ ಫ್ಯಾಕ್ಟರಿ ಕಾಯ್ದೆಯ 31ನೇ ಕಲಂ ಇಂಥ ಒತ್ತಡದ ಪಾತ್ರೆಗಳ ಬಗ್ಗೆಯೇ ಇತ್ತು. ಸುರಕ್ಷಿತ ಒತ್ತಡ ಮೀರದಂತೆ ನೋಡಿಕೊಳ್ಳಬೇಕು ಅನ್ನುತ್ತಿತ್ತು. ಅವರಿಗೆ ಕಲಂ ಹೇಳುತ್ತಾ ಕೂರಲಿಲ್ಲ. ಸುಮ್ನೆ ಟ್ಯಾಂಕನ್ನು ಗ್ಯಾಸ್ ಕಟರಿನಲ್ಲಿ ಸೀಳಿಸಿ, ತಳದ ತುಂಡೊಂದನ್ನು ಕೈಗೆ ಕೊಟ್ಟೆ. ಮನೆಯ ರೊಟ್ಟಿ ಹಂಚಿನಷ್ಟೂ ದಪ್ಪ ಉಳಿದಿರಲಿಲ್ಲ. ಬಹಳ ಹೊತ್ತು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಹೊಸ ಟ್ಯಾಂಕಿನ ರೇಟ್ ಕೇಳಿದರು.