ಬಾಯ್ಕಾಟ್: ಒಂದು ಹೆಸರು ಕ್ರಿಯಾಪದವಾದ ಬಗೆ

ಶ್ರೋತೃಗಳಿಗೆ ನಮಸ್ಕಾರ. ರಸ್ತೆಯಿಲ್ಲದ ಊರಿನವರು ಮತದಾನವನ್ನು, ವಿದ್ಯಾರ್ಥಿಗಳು ತರಗತಿಯನ್ನು ‘ಬಾಯ್ಕಾಟ್’ ಮಾಡಿದ ಸುದ್ದಿಯನ್ನು ನಾವು ಆಗಾಗ ಕೇಳುತ್ತೇವೆ. ಕನ್ನಡದಲ್ಲೂ ಸಲೀಸಾಗಿ ಬಳಕೆಯಾಗುವ ಈ ಪದ ಮೂಲತಃ ಚಾರ್ಲ್ಸ್ ಕನಿಂಗ್‌ಹ್ಯಾಮ್ ಬಾಯ್ಕಾಟ್ ಎಂಬಾತನ ಮನೆತನದ ಹೆಸರು.

ಐರ್ಲೆಂಡಿನ ಮೇಯೊ ಪ್ರಾಂತದಲ್ಲಿ, ಮಾಸ್ಕ್ ಸರೋವರದ ದಂಡೆಯಲ್ಲಿ, ಈತ ಅರ್ನ್ ಪ್ರಭುವಿನ ಜಮೀನುಗಳ ಪಾರುಪತ್ಯಗಾರನಾಗಿದ್ದ. 1880ರಲ್ಲಿ ಗೇಣಿದಾರರು ಗೇಣಿಯಲ್ಲಿ ಶೇ. 25ರಷ್ಟು ಕಡಿತ ಕೇಳಿದರು. ಒಡೆಯ ಒಪ್ಪಿದ್ದು ಶೇ. 10ಕ್ಕೆ ಮಾತ್ರ. ಬಾಕಿ ಉಳಿಸಿಕೊಂಡವರನ್ನು ಒಕ್ಕಲೆಬ್ಬಿಸಲು ಬಾಯ್ಕಾಟ್ ಹೊರಟಾಗ, ರೈತರು ಕೆಲವೇ ದಿನಗಳ ಹಿಂದೆ, ಸೆಪ್ಟೆಂಬರ್ 19ರಂದು, ಎನ್ನಿಸ್ ಪಟ್ಟಣದಲ್ಲಿ ಐರಿಷ್ ರೈತ ಚಳವಳಿಯ ನಾಯಕ ಪಾರ್ನೆಲ್ ಹೇಳಿದ್ದ ಉಪಾಯವನ್ನು ಅನುಸರಿಸಿದರು. ಒಕ್ಕಲೆಬ್ಬಿಸಿದ ಜಮೀನನ್ನು ಹಿಡಿಯುವವನನ್ನು ಹೊಡೆಯಬೇಡಿ, ಅಂಗಡಿಯಲ್ಲಿ, ಸಂತೆಯಲ್ಲಿ, ಚರ್ಚಿನಲ್ಲಿ ಎಲ್ಲಿ ಎದುರಾದರೂ ಅವನೊಡನೆ ವ್ಯವಹರಿಸಬೇಡಿ ಎಂಬುದು ಅದರ ಸಾರ.

ಅದೇ ಅಸ್ತ್ರ ಬಾಯ್ಕಾಟ್‌ನ ಮೇಲೂ ಪ್ರಯೋಗವಾಯಿತು. ಅವನ ಆಳುಗಳು ಹೊಲ ಬಿಟ್ಟು ಹೋದರು, ಕಮ್ಮಾರ ಕೆಲಸ ನಿಲ್ಲಿಸಿದ, ಬಟ್ಟೆ ಒಗೆಯುವವರು ಬರಲಿಲ್ಲ, ಬ್ಯಾಲಿನ್‌ರೋಬ್ ಪೇಟೆಯ ಅಂಗಡಿಕಾರರು ಸಾಮಾನು ಕೊಡಲಿಲ್ಲ. ಕೊನೆಗೆ ಐರ್ಲೆಂಡಿನ ಉತ್ತರ ಭಾಗದ ಅಲ್‌ಸ್ಟರ್‌ನಿಂದ ಬಂದ 50 ಆಳುಗಳು ಸುಮಾರು ಸಾವಿರ ಸೈನಿಕರ ಮತ್ತು ಪೊಲೀಸರ ಕಾವಲಿನಲ್ಲಿ ಆಲೂಗಡ್ಡೆ, ಟರ್ನಿಪ್‌ಗಳನ್ನು ಅಗೆದು ತೆಗೆದರು. ಸುಮಾರು 500 ಪೌಂಡಿನ ಬೆಳೆಯನ್ನು ಉಳಿಸಿಕೊಳ್ಳಲು ಆದ ವೆಚ್ಚ 10,000 ಪೌಂಡಿನಷ್ಟು. ಡಿಸೆಂಬರ್ ಮೊದಲ ದಿನವೇ ಬಾಯ್ಕಾಟ್ ಐರ್ಲೆಂಡನ್ನೇ ಬಿಟ್ಟ.

ಹೆಸರನ್ನು ಕ್ರಿಯಾಪದವಾಗಿಸಿದವರು ಅಲ್ಲಿನ ಪಾದ್ರಿ ಜಾನ್ ಒ'ಮ್ಯಾಲಿ ಎಂದು ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಬರೆದಿದ್ದಾರೆ. ದೂರವಿಡುವುದಕ್ಕೆ ಇಂಗ್ಲಿಷಿನಲ್ಲಿದ್ದ ಗ್ರೀಕ್ ಮೂಲದ ಮಾತು ರೈತರ ನಾಲಿಗೆಗೆ ಒಗ್ಗದು ಎಂಬುದು ಪಾದ್ರಿಯ ಆಲೋಚನೆಯಾಗಿತ್ತು. ಕೆಲವೇ ವಾರಗಳಲ್ಲಿ ಪತ್ರಿಕೆಗಳು ಅದನ್ನು ಎತ್ತಿಕೊಂಡವು, ಫ್ರೆಂಚರೂ ಜರ್ಮನ್ನರೂ ತಮ್ಮದಾಗಿಸಿಕೊಂಡರು. 1905ರ ಆಗಸ್ಟ್ 7ರಂದು ಕಲ್ಕತ್ತೆಯ ಟೌನ್‌ಹಾಲಿನಲ್ಲಿ ಬ್ರಿಟಿಷ್ ಸರಕಿನ ವಿರುದ್ಧ ನಿರ್ಣಯವಾದಾಗ ಅದು ನಮ್ಮ ಸ್ವಾತಂತ್ರ್ಯ ಹೋರಾಟದ ಮಾತೂ ಆಯಿತು.

ಕನ್ನಡದಲ್ಲಿ ಇದನ್ನು ಬಹಿಷ್ಕಾರ ಎನ್ನುತ್ತೇವೆ. ಆದರೆ ಹಳ್ಳಿಯ ಬಲಾಢ್ಯರು ದಲಿತ ಕುಟುಂಬವೊಂದಕ್ಕೆ ನೀರು, ದಿನಸಿ, ಕೂಲಿಯನ್ನು ನಿಲ್ಲಿಸುವುದಕ್ಕೂ ಅದೇ ಹೆಸರಿರುವುದು ನನ್ನನ್ನು ಕಾಡುತ್ತದೆ. ಮೇಯೊದ ಗೇಣಿದಾರರು ತಮಗಿಂತ ಬಲವುಳ್ಳವನಿಗೆ ಸಹಕಾರ ನಿರಾಕರಿಸಿದರು. ಇಲ್ಲಿ ಬಲವುಳ್ಳವರೇ ದುರ್ಬಲರ ಬದುಕಿನ ದಾರಿಗಳನ್ನು ಮುಚ್ಚುತ್ತಾರೆ. ಇವೆರಡನ್ನು ಒಂದೇ ಎಂದು ಬಗೆಯಲಾಗದು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಯುವ 1989ರ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯು ಅಂಥ ಸಾಮಾಜಿಕ, ಆರ್ಥಿಕ ಬಹಿಷ್ಕಾರವನ್ನು ಶಿಕ್ಷಾರ್ಹ ಅಪರಾಧವೆಂದು ಸ್ಪಷ್ಟವಾಗಿ ಹೆಸರಿಸಿದೆ.