ಪಾದ್ರಿ ಕೊಟ್ಟ ಚೀಟಿ

ಕೇಳುಗರೇ, ನಮಸ್ಕಾರ.

ಇಂಗ್ಲಿಷ್ ಪತ್ರಿಕೆ ಓದುವವರ ಕಣ್ಣಿಗೆ 'ಶಾರ್ಟ್ ಶ್ರಿಫ್ಟ್' ಎಂಬ ಮಾತು ಆಗಾಗ ಬಿದ್ದಿರುತ್ತದೆ. ಯಾರದೋ ಅಹವಾಲನ್ನು ಪೂರ್ತಿ ಕೇಳದೆ ಸಾಗಹಾಕಿದರೆ ಹಾಗನ್ನುತ್ತಾರೆ. ಶಾರ್ಟ್ ಗೊತ್ತು, ಈ ಶ್ರಿಫ್ಟ್ ಏನು?

ಪಾದ್ರಿಯ ಮುಂದೆ ಪಾಪ ಒಪ್ಪಿಕೊಂಡು, ಅವರು ಹೇಳಿದ ಪ್ರಾಯಶ್ಚಿತ್ತಕ್ಕೆ ತಲೆಬಾಗಿ, ಕ್ಷಮೆ ಪಡೆಯುವುದೇ ಶ್ರಿಫ್ಟ್. ಕ್ಷಮೆ ಕೊಡುವ ಕೆಲಸ 'ಶ್ರೈವ್'. ಪದದ ಬೇರು ಮಾತ್ರ ಲ್ಯಾಟಿನ್ನಿನ 'ಸ್ಕ್ರೀಬೆರೆ', ಅಂದರೆ ಬರೆಯುವುದು! ಜರ್ಮನ್ನರ 'ಶ್ರೈಬೆನ್' ಇವತ್ತಿಗೂ ಬರೆಯುವುದೇ. ಇಂಗ್ಲಿಷರು ಬರವಣಿಗೆಗೆ ತಮ್ಮದೇ 'ರೈಟ್' ಇಟ್ಟುಕೊಂಡು, ಲ್ಯಾಟಿನ್ ಪದವನ್ನು ಚರ್ಚಿನ ಕೆಲಸಕ್ಕೆ ಹಚ್ಚಿದರು.

ಬರಹಕ್ಕೂ ಪಾಪಕ್ಕೂ ಏನು ನಂಟು ಅಂತೀರಾ? ಆ ಕಾಲದ ಪಾದ್ರಿಗಳ ಕೈಯಲ್ಲಿ ಪ್ರಾಯಶ್ಚಿತ್ತದ ಕೈಪಿಡಿಗಳಿರುತ್ತಿದ್ದವು. ಇಂಥ ತಪ್ಪಿಗೆ ಇಷ್ಟು ದಿನ ಬರೀ ರೊಟ್ಟಿ, ನೀರು. ಅಂಥದ್ದಕ್ಕೆ ಇಷ್ಟು ವರ್ಷ ಉಪವಾಸ. ರೋಗ ನೋಡಿ ಮದ್ದು ಬರೆದ ಹಾಗೆ. ಡಾಕ್ಟರ ಚೀಟಿಗೆ ನಾವೆಲ್ಲ ಅನ್ನುವ 'ಪ್ರಿಸ್ಕ್ರಿಪ್ಷನ್' ಕೂಡ ಅದೇ ಬೇರಿನದು. ಔಷಧಿ ಅಂಗಡಿಯ ಕಟ್ಟೆಯ ಮೇಲೆ ನಾವು ಚಾಚುವ ಆ ಕಾಗದ ಶ್ರಿಫ್ಟಿನ ದಾಯಾದಿ ಅಂದ ಹಾಗಾಯಿತು.

ಈಸ್ಟರಿಗೆ 47 ದಿನ ಮೊದಲು ಬರುವ 'ಶ್ರೋವ್ ಟ್ಯೂಸ್‌ಡೇ'ಯಲ್ಲಿರುವುದೂ ಇದೇ ಪದ. ಮರುದಿನದಿಂದ ದೀರ್ಘ ಉಪವಾಸ; ಅಷ್ಟರೊಳಗೆ ಪಾಪ ಹೇಳಿಕೊಂಡು ಹಗುರಾಗಬೇಕು. ಉಪವಾಸಕ್ಕೆ ವರ್ಜ್ಯವಾದ ಮೊಟ್ಟೆ, ಬೆಣ್ಣೆ ಮನೆಯಲ್ಲಿ ಉಳಿಯಬಾರದು ಅಂತ ಪ್ಯಾನ್‌ಕೇಕ್ ಹೊಯ್ಯುತ್ತಿದ್ದರು. ಪಾಪನಿವೇದನೆಗೆ ಕರೆಯುತ್ತಿದ್ದ ಗಂಟೆಗೆ ಜನರ ಬಾಯಲ್ಲಿ 'ಪ್ಯಾನ್‌ಕೇಕ್ ಗಂಟೆ' ಅಂತಲೇ ಹೆಸರಾಯಿತು. ಹೊಟ್ಟೆ ಯಾವಾಗಲೂ ಒಂದು ಹೆಜ್ಜೆ ಮುಂದೆ, ಬಿಡಿ.

'ಶಾರ್ಟ್ ಶ್ರಿಫ್ಟ್' ಜೋಡಿಯಾಗಿ ನೆಲೆನಿಂತದ್ದು ಶೇಕ್ಸ್‌ಪಿಯರನ 'ಮೂರನೆಯ ರಿಚರ್ಡ್' ನಾಟಕದಿಂದ. ಹೇಸ್ಟಿಂಗ್ಸ್ ಪ್ರಭುವಿಗೆ ದಿಢೀರನೆ ಮರಣದಂಡನೆಯಾಗುತ್ತದೆ. ಸಾಯುವವನಿಗೆ ಪಾಪನಿವೇದನೆ ತಪ್ಪಿಸುವಂತಿಲ್ಲವಲ್ಲ. ಆತ ಶಕುನಗಳನ್ನು ನೆನೆದು ಹಲುಬುತ್ತಿದ್ದರೆ ರಿಚರ್ಡನ ಬಂಟ ರಾಟ್‌ಕ್ಲಿಫ್ ಅವಸರಪಡಿಸುತ್ತಾನೆ: ಬೇಗ ಬೇಗ ಶ್ರಿಫ್ಟ್ ಮುಗಿಸಿಕೋ. ನಿನ್ನ ತಲೆ ನೋಡಬೇಕು ಅಂತ ರಿಚರ್ಡ್ ಕಾದಿದ್ದಾನೆ, ಅವನಿಗೆ ಊಟಕ್ಕೆ ಹೊತ್ತಾಯಿತು.