ದೊಡ್ಡ ಅಲಾಯ್, ತಗ್ಗಿದ ಕಾರು: ಜಿಟಿ86ಗೆ ನಿಜಕ್ಕೂ ಏನಾಗುತ್ತದೆ?

ನೀವು ನೋಡುತ್ತಿರುವ ರಸ್ತೆ ಜರ್ಮನಿಯ ಬಿ500. ಬಾಡೆನ್-ಬಾಡೆನ್‌ನಿಂದ ಫ್ರಾಯ್ಡೆನ್‌ಸ್ಟಾಟ್ ಕಡೆಗೆ, ಬ್ಲ್ಯಾಕ್ ಫಾರೆಸ್ಟ್ ಬೆಟ್ಟಗಳ ನೆತ್ತಿಯ ಮೇಲೇ ಸಾಗುತ್ತದೆ. ಮುಂದಿರುವ ಕೆಂಪು ಕಾರು ನನ್ನ ಗೆಳೆಯನದು, ಟೊಯೋಟಾ ಜಿಟಿ86. ನಾನು ಓಡಿಸುತ್ತಿರುವುದೂ ಅದೇ ಮಾಡೆಲ್. ನನ್ನದರಲ್ಲಿ ಕಂಪನಿಯದೇ 17 ಇಂಚಿನ ಗಾಲಿ, ಕಂಪನಿಯದೇ ಸಸ್ಪೆನ್ಷನ್. ಅವನದರಲ್ಲಿ 19 ಇಂಚಿನ ಅಲಾಯ್ ಗಾಲಿ, ಕಾರನ್ನು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್. ನಿಲ್ಲಿಸಿದಾಗ ಅವನ ಕಾರೇ ಚೆಂದ, ಅದರಲ್ಲಿ ಎರಡು ಮಾತಿಲ್ಲ.

ಈಗ ಈ ತಿರುವು ನೋಡಿ. ಮಧ್ಯದಲ್ಲಿ ಡಾಂಬರು ಒಂಚೂರು ಉಬ್ಬಿದೆ. ಅವನ ಕಾರಿನ ಹಿಂಭಾಗ ಸಣ್ಣಗೆ ಎಗರಿ ಹೊರಕ್ಕೆ ಸರಿಯಿತು, ಕಂಡಿತಾ? ಅದೇ ವೇಗದಲ್ಲಿ ಬಂದ ನನ್ನ ಕಾರು ಉಬ್ಬನ್ನು ನುಂಗಿಕೊಂಡು ಹೋಯಿತು. ಇದು ಯಾಕೆ ಅಂತ ಸರಿಯಾಗಿ ಹೇಳಬೇಕು ಅನ್ನಿಸಿ ಈ ವ್ಲಾಗ್ ಮಾಡುತ್ತಿದ್ದೇನೆ.

ಮೊದಲು ಗಾಲಿ. 2012ರಲ್ಲಿ ಈ ಕಾರು ಬಂದಾಗ ಟೊಯೋಟಾ ಹಾಕಿದ್ದು 215/45 ಆರ್17 ಟೈರ್: ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 45, ರಿಮ್ 17 ಇಂಚು. ಅದರ ಒಟ್ಟು ವ್ಯಾಸ ಸುಮಾರು 625 ಮಿಲಿಮೀಟರ್. ಅಲಾಯ್ ದೊಡ್ಡದು ಮಾಡಿದರೂ ಈ ಒಟ್ಟು ಅಳತೆ ಹೆಚ್ಚುಕಡಿಮೆ ಹಾಗೇ ಉಳಿಯಬೇಕು. ಇಲ್ಲದಿದ್ದರೆ ಸ್ಪೀಡೋಮೀಟರ್ ಸುಳ್ಳು ಹೇಳುತ್ತದೆ, ಫೆಂಡರ್‌ಗೆ ಟೈರ್ ಉಜ್ಜುತ್ತದೆ. ಹಾಗಾಗಿ ಲೋಹ ಬೆಳೆದಷ್ಟೂ ರಬ್ಬರ್ ಕುಗ್ಗುತ್ತದೆ. 17 ಇಂಚಿನಲ್ಲಿ ಟೈರಿನ ಪಕ್ಕದ ಗೋಡೆ 97 ಮಿ.ಮೀ. ಗೆಳೆಯನ 215/35 ಆರ್19ರಲ್ಲಿ ಅದು 75. ಆ ಗೋಡೆಯೂ ಒಂದು ಸ್ಪ್ರಿಂಗೇ. ರಸ್ತೆಯ ಸಣ್ಣಪುಟ್ಟ ಪೆಟ್ಟನ್ನು ಮೊದಲು ತಿನ್ನುವುದು ಅದೇ.

ಗೋಡೆ ಗಿಡ್ಡವಾದರೆ ಸ್ಟೀರಿಂಗ್ ತಿರುಗಿಸಿದ ಕೂಡಲೇ ಕಾರು ಚುರುಕಾಗಿ ತಿರುಗುತ್ತದೆ, ಅದು ನಿಜ. ದೊಡ್ಡ ಬ್ರೇಕ್ ಹಾಕಿಸಿದವರಿಗೆ ಜಾಗಕ್ಕಾಗಿ ದೊಡ್ಡ ಗಾಲಿ ಬೇಕೇ ಬೇಕಾಗಬಹುದು. ಉಳಿದವರಿಗೆ ಸಿಗುವುದು ಭಾರ. ಇಲ್ಲಿ ಚಳಿಗಾಲಕ್ಕೆ ಬೇರೆ ಟೈರ್ ಸೆಟ್ ಇಟ್ಟುಕೊಳ್ಳುತ್ತೇವಲ್ಲ, ಬದಲಿಸುವಾಗ ಎರಡೂ ಕಾರಿನ ಗಾಲಿ ಎತ್ತಿ ನೋಡಿದ್ದೇನೆ. ತಕ್ಕಡಿ ಬೇಕಿಲ್ಲ, ಸೊಂಟಕ್ಕೇ ಗೊತ್ತಾಗುತ್ತದೆ. ಈ ಭಾರ ಸ್ಪ್ರಿಂಗ್‌ನ ಮೇಲಿಲ್ಲ, ಕೆಳಗಿದೆ. ಉಬ್ಬು ಹತ್ತಿ ಮೇಲೆದ್ದ ಭಾರದ ಗಾಲಿಯನ್ನು ಮತ್ತೆ ರಸ್ತೆಗೆ ಒತ್ತಿ ಹಿಡಿಯಲು ಸ್ಪ್ರಿಂಗ್, ಅದರ ಕುಣಿತ ತಡೆಯುವ ಶಾಕ್ಸ್ ಎರಡೂ ಒದ್ದಾಡಬೇಕು. ಜೊತೆಗೆ ರಿಮ್ಮಿನ ಅಂಚಿಗೆ ಸೇರಿದ ಒಂದು ಕೆಜಿಯನ್ನು ಮುಂದಕ್ಕೂ ತಳ್ಳಬೇಕು, ಸುತ್ತಲೂ ಸುತ್ತಿಸಬೇಕು. ಪಿಕಪ್ ಮಟ್ಟಿಗೆ ಅದು ಡಿಕ್ಕಿಯಲ್ಲಿಟ್ಟ ಎರಡು ಕೆಜಿಯ ಹತ್ತಿರ ಬರುತ್ತದೆ. 200 ಹಾರ್ಸ್‌ಪವರ್‌ನ ಕಾರಿಗೆ ಇದು ಸಣ್ಣ ಹೊರೆಯಲ್ಲ.

ಇನ್ನು ಕಾರು ತಗ್ಗಿಸುವುದು. ನನಗೆ ನಿಜವಾದ ಕಾಳಜಿ ಇರುವುದು ಇಲ್ಲೇ. ತಗ್ಗಿಸಿದರೆ ಗ್ರಿಪ್ ಜಾಸ್ತಿ ಅಂತ ಎಲ್ಲರೂ ಹೇಳುತ್ತಾರೆ. ಎಷ್ಟು ಜಾಸ್ತಿ? ಲೆಕ್ಕ ಹಾಕೋಣ. ಟೊಯೋಟಾ ಈ ಕಾರಿನ ಗುರುತ್ವ ಕೇಂದ್ರ ನೆಲದಿಂದ 460 ಮಿ.ಮೀ. ಎತ್ತರದಲ್ಲಿದೆ ಎಂದಿತ್ತು. ಡ್ರೈವರ್ ಸೇರಿ ತೂಕ ಸುಮಾರು 1,300 ಕೆಜಿ. ಎಡ-ಬಲ ಗಾಲಿಗಳ ನಡುವೆ ಒಂದೂವರೆ ಮೀಟರಿಗಿಂತ ಸ್ವಲ್ಪ ಜಾಸ್ತಿ. 1 ಜಿ, ಅಂದರೆ ಕಾರಿನ ತೂಕದಷ್ಟೇ ಪಕ್ಕದ ಬಲದಲ್ಲಿ ತಿರುಗಿದರೆ ಒಳಗಿನ ಗಾಲಿಗಳಿಂದ ಹೊರಗಿನವಕ್ಕೆ ಸುಮಾರು 390 ಕೆಜಿ ಭಾರ ಸರಿಯುತ್ತದೆ. 25 ಮಿ.ಮೀ. ತಗ್ಗಿಸಿದರೆ 370. ಉಳಿದದ್ದು 20 ಕೆಜಿ, ಅಷ್ಟೇ!

ಆ 20 ಕೆಜಿಗೆ ಕೊಡುವ ಬೆಲೆ ನೋಡಿ. ಮುಂದಿನ ಸಸ್ಪೆನ್ಷನ್ ಮ್ಯಾಕ್‌ಫರ್ಸನ್ ಸ್ಟ್ರಟ್: ಮೇಲೆ ಸ್ಪ್ರಿಂಗ್, ಶಾಕ್ಸ್ ಸೇರಿದ ಒಂದು ಕಂಬ, ಕೆಳಗೆ ಗಾಲಿಯನ್ನು ಬಾಡಿಗೆ ಜೋಡಿಸುವ ಲೋವರ್ ಆರ್ಮ್. ಕ್ಯಾಮೆರಾ ಗಾಲಿಯ ಹಿಂದೆ ಇಟ್ಟಿದ್ದೇನೆ. ಈ ಲೋವರ್ ಆರ್ಮ್‌ನ ಗಾಲಿ ಕಡೆಯ ತುದಿ ಗೆಳೆಯನ ಕಾರಿನಲ್ಲಿ ಮೇಲಕ್ಕೆ ಎದ್ದಿದೆ. ಹೀಗಾದಾಗ ಬಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಆ ರೋಲ್ ಸೆಂಟರ್ ದಿಢೀರನೆ ಕೆಳಗಿಳಿಯುತ್ತದೆ. ಗುರುತ್ವ ಕೇಂದ್ರಕ್ಕಿಂತ ಬೇಗ ಇಳಿಯುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರಿಗೆ ವಾಲುವ ಆಸೆ ಜಾಸ್ತಿ. ಸ್ಪ್ರಿಂಗ್ ಗಟ್ಟಿಯಾಗಿರುವುದರಿಂದ ಅದು ನಮಗೆ ಕಾಣುವುದಿಲ್ಲ, ಅಷ್ಟೇ. ಆರ್ಮ್ ಮೇಲೆದ್ದ ಮೇಲೆ ಇನ್ನಷ್ಟು ಒತ್ತಿದರೆ ಸಿಗಬೇಕಾದ ಕ್ಯಾಂಬರ್, ಅಂದರೆ ಗಾಲಿಯ ಮೇಲ್ತುದಿ ಒಳಕ್ಕೆ ವಾಲುವುದು, ಅದೂ ಸಿಗುವುದಿಲ್ಲ.

ಹಿಂದೆ ಡಬಲ್ ವಿಷ್‌ಬೋನ್ ಇದೆ, ಅಂದರೆ ಗಾಲಿಯನ್ನು ಮೇಲೂ ಕೆಳಗೂ ಆರ್ಮ್ ಹಿಡಿದಿರುತ್ತದೆ; ಅಲ್ಲಿಯ ಕಥೆ ಬೇರೆ. ತಗ್ಗಿಸಿದ ಕಾರಿನಲ್ಲಿ ಶಾಕ್ಸ್‌ಗೆ ಓಡಾಡಲು ಜಾಗ ಕಡಿಮೆ. ತಿರುವಿನಲ್ಲಿ ಮೊದಲೇ ಕುಗ್ಗಿರುತ್ತದೆ, ಮೇಲೊಂದು ಉಬ್ಬು ಬಂದರೆ ರಬ್ಬರಿನ ಬಂಪ್ ಸ್ಟಾಪ್‌ಗೆ ಹೋಗಿ ಬಡಿಯುತ್ತದೆ. ಆ ಕ್ಷಣ ಸ್ಪ್ರಿಂಗ್ ಇದ್ದೂ ಇಲ್ಲದಂತೆ. ಪೆಟ್ಟೆಲ್ಲಾ ನೇರ ಟೈರಿಗೆ. ಆಗಲೇ ಗೆಳೆಯನ ಕಾರು ಹೊರಕ್ಕೆ ಸರಿದದ್ದು ಇದರಿಂದಲೇ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸುವವರಿದ್ದಾರಲ್ಲ, ದಯವಿಟ್ಟು ಆ ಕೆಲಸ ಮಾಡಬೇಡಿ. ಗಾಲಿ ಕೆಳಗೆ ಜೋತುಬಿದ್ದಾಗ ತುಂಡಾದ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಸರಿಯಬಹುದು.

ಹಾಗಾದರೆ ಏನು ಮಾಡಬೇಕು? ನನ್ನ ಪ್ರಕಾರ ಮೊದಲ ದುಡ್ಡು ಒಳ್ಳೆಯ ಟೈರಿಗೆ. ಎರಡನೆಯದು ಅಲೈನ್‌ಮೆಂಟ್‌ಗೆ, ಅಂದರೆ ಗಾಲಿಗಳ ಕೋನ ಹೊಂದಿಸಲು: ಕಂಪನಿಯಿಂದ ಬರುವಾಗ ಮುಂದಿನ ಕ್ಯಾಂಬರ್ ಹೆಚ್ಚುಕಡಿಮೆ ಸೊನ್ನೆ, ಕ್ಯಾಂಬರ್ ಬೋಲ್ಟ್ ಹಾಕಿ ಸ್ವಲ್ಪ ನೆಗೆಟಿವ್ (ಒಳವಾಲು) ಕೊಟ್ಟರೆ ಈ ಕಾರು ತಿರುವಿನಲ್ಲಿ ಬೇರೆಯೇ ಕಾರು. ಆಮೇಲೆ ಹಗುರವಾದ 17 ಇಂಚಿನ ಅಲಾಯ್. ಆಸೆ ತಡೆಯದಿದ್ದರೆ 18, ಅದೂ 215/40. ತಗ್ಗಿಸುವುದು ಕೊನೆಗೆ, 20 ಮಿ.ಮೀ. ಸುತ್ತಮುತ್ತ, ಆ ಸ್ಪ್ರಿಂಗ್‌ಗೆ ಹೊಂದುವ ಶಾಕ್ಸ್ ಸಮೇತ.

ಇಲ್ಲಿ ಜರ್ಮನಿಯಲ್ಲಿ ಇಂಥ ಬದಲಾವಣೆಗೆ ಟಿಯುವಿ (ವಾಹನ ಪರೀಕ್ಷಿಸುವ ಸಂಸ್ಥೆ) ತಪಾಸಣೆ ಮಾಡಿಸಿ ದಾಖಲೆ ಇಟ್ಟುಕೊಳ್ಳಬೇಕು. ಊರಿನಲ್ಲಿ, ಅಂದರೆ ಭಾರತದಲ್ಲಿ ಇರುವವರು ವಾಹನ ಮಾರ್ಪಾಡಿನ ಬಗ್ಗೆ ಹೇಳುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಓದಿಕೊಳ್ಳಿ, ಆಮೇಲೆ ನಿಮ್ಮ ಬೀದಿಯ ಹಂಪ್ ನೋಡಿಕೊಳ್ಳಿ.

ಮೆಕ್ಯಾನಿಕ್ ಹತ್ತಿರ ಹೋದಾಗ ಒಂದು ಮಾತು ಹೇಳಲೇಬೇಕು: ಆರ್ಮ್‌ಗಳ ಬುಷ್ (ಕೀಲಿನ ರಬ್ಬರ್) ಬೋಲ್ಟ್‌ಗಳಿಗೆ ಕಾರು ನೆಲದ ಮೇಲೆ, ತನ್ನ ಭಾರದಲ್ಲಿ ನಿಂತಿರುವಾಗಲೇ ಕೊನೆಯ ಬಿಗಿ ಕೊಡಿ. ಲಿಫ್ಟ್‌ನಲ್ಲಿ ತೂಗುತ್ತಿರುವಾಗ ಬಿಗಿ ಮಾಡಿದರೆ ಬುಷ್ ಸದಾ ತಿರುಚಿಕೊಂಡೇ ಇರುತ್ತದೆ, ಬೇಗ ಹರಿಯುತ್ತದೆ. ಅಲೈನ್‌ಮೆಂಟ್ ಮಾಡಿಸುವುದು ಅದಾದ ಮೇಲೆ.